ಆರು ಬಡಿತಕ್ಕೆ ಒಂದು ಕನಕಪುರ

ಗಣಕದಲ್ಲಿ 'ಕನಕಪುರ' ಎಂದು ಕನ್ನಡದಲ್ಲಿ ಮೂಡಿಸಲು ಎಷ್ಟು ಸಲ ಕೀಲಿ ಒತ್ತಬೇಕು? ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಂತೆ ಒತ್ತುತ್ತ ಹೋಗುವ ಪದ್ಧತಿಯಲ್ಲಾದರೆ ಹತ್ತು ಸಲ. 'ನುಡಿ' ತಂತ್ರಾಂಶದ ಕೀಲಿಮಣೆಯಲ್ಲಾದರೆ ಬರೀ ಆರು: ಕೆ, ಎನ್, ಕೆ, ಪಿ, ಯು, ಆರ್. ನಂಬಿಕೆ ಬಾರದಿದ್ದರೆ ಒತ್ತಿ ನೋಡಿ.

ಈ ನಾಲ್ಕು ಬಡಿತ ಉಳಿಸಿಕೊಟ್ಟವರು ಮಂಗಳೂರು ಬಳಿಯ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್. ಕನ್ನಡದ ವ್ಯಂಜನವನ್ನು ಬರೆದಾಗ 'ಅ'ಕಾರ ಅದರೊಳಗೇ ಇರುತ್ತದೆ. ಅದಕ್ಕಾಗಿ ಬೇರೆ ಕೀಲಿ ಒತ್ತುವುದೇಕೆ ಎಂಬುದು ಅವರ ವಿನ್ಯಾಸದ ತಿರುಳು. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜತೆ ಅದೇ ಕೀಲಿ. ಇಂಗ್ಲಿಷಿನ ಎಫ್‌ಗೆ ಕನ್ನಡದಲ್ಲಿ ಕೆಲಸವಿಲ್ಲವಲ್ಲ, ಅದಕ್ಕೆ ಒತ್ತಕ್ಷರದ ಹೊಣೆ! ಅದು ಇರುವುದೂ ಎಡಗೈ ತೋರುಬೆರಳಿನ ಅಡಿಯಲ್ಲೇ. ಮುಂದೆ ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನೇ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಅದು ಕಚೇರಿ ಕಚೇರಿಗೂ ತಲುಪಿತು.

ಪ್ರೋಗ್ರಾಮ್ ಬರೆಯುವವರು ಮಾಡಿಕೊಳ್ಳುವ 'ಶಾರ್ಟ್‌ಕಟ್' ಕೀಲಿಗಳ ಹಿಂದಿರುವುದೂ ಇದೇ ಲೆಕ್ಕ. ಪದೇ ಪದೇ ಮಾಡುವ ಕೆಲಸ ಯಾವುದು? ಅದನ್ನು ಹತ್ತಿರದ ಬೆರಳಿಗೆ ಒಪ್ಪಿಸು. ಕನಕಪುರದಲ್ಲಿ ರೇಷ್ಮೆ ನೂಲು ಬಿಚ್ಚುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಿಸಿನೀರು, ಗೂಡು ಎಲ್ಲವೂ ಅವರ ಕೈಯಳತೆಯಲ್ಲೇ ಇರುತ್ತವೆ.

ಹಾಗಿದ್ದೂ, ಮಗ ಸಂಜೆಯೆಲ್ಲ ಕೀಲಿಗಳನ್ನು ಅದಲುಬದಲು ಮಾಡುತ್ತ ಕುಳಿತರೆ ಮನೆಯಲ್ಲಿ ಗೊಣಗಾಟ ಸಹಜ. 'ಓದೋದು ಬಿಟ್ಟು ಇದೇನೋ ಆಟ?' ಆ ಮಾತಿನಲ್ಲಿ ಅರ್ಧ ನ್ಯಾಯವಿದೆ. ಪ್ರೋಗ್ರಾಮ್ ಬರೆಯುವವನ ಹೆಚ್ಚಿನ ಹೊತ್ತು ಯೋಚನೆಗೇ ಹೋಗುತ್ತದೆ. ಬೆರಳು ಚುರುಕಾದ ಮಾತ್ರಕ್ಕೆ ತಪ್ಪು ತರ್ಕ ಸರಿಹೋಗದು. ಆದರೆ ಯೋಚನೆಯ ನಡುವೆ ಕೈ ಮತ್ತೆ ಮತ್ತೆ ಮೌಸ್ ಹುಡುಕಿಕೊಂಡು ಹೋದರೆ ಎಳೆ ತುಂಡಾಗುತ್ತದೆ. ಉಳಿತಾಯ ಕ್ಷಣಗಳದ್ದಲ್ಲ, ಆ ಎಳೆಯದು.

ಟರ್ಬೋ ಸಿ ಕಲಿತವರ ಪಾಡನ್ನೇ ನೋಡಿ. 1987ರಲ್ಲಿ ಬೋರ್ಲ್ಯಾಂಡ್ ಕಂಪನಿ ಹೊರತಂದ ಈ ತಂತ್ರಾಂಶದಲ್ಲಿ ಇಂದಿಗೂ ನಮ್ಮ ಕೆಲವು ಕಾಲೇಜುಗಳ ವಿದ್ಯಾರ್ಥಿಗಳು ಮೊದಲ ಪ್ರೋಗ್ರಾಮ್ ಬರೆಯುತ್ತಾರೆ. ಉಳಿಸಲು ಎಫ್2, ಓಡಿಸಲು ಕಂಟ್ರೋಲ್ ಜತೆ ಎಫ್9. ಇದು ಬೆರಳಿಗೆ ಅಂಟಿಬಿಡುತ್ತದೆ. ಅದೇ ವಿದ್ಯಾರ್ಥಿ ಮೈಕ್ರೋಸಾಫ್ಟಿನ ಉಚಿತ ವಿಷುವಲ್ ಸ್ಟುಡಿಯೋ ಕೋಡ್‌ಗೆ ಬಂದಾಗ ಗಲಿಬಿಲಿ. ಉಳಿಸೋಣವೆಂದು ಎಫ್2 ಒತ್ತಿದರೆ ಹೆಸರು ಬದಲಿಸುವ ಪುಟ್ಟ ಚೌಕ ತೆರೆಯುತ್ತದೆ. ಎಫ್9 ಒತ್ತಿದರೆ ಸಾಲಿನ ಪಕ್ಕದಲ್ಲಿ ಕೆಂಪು ಚುಕ್ಕೆ! ಪ್ರೋಗ್ರಾಮನ್ನು ಅಲ್ಲಿ ನಿಲ್ಲಿಸಿ ಪರೀಕ್ಷಿಸಬೇಕೆಂಬ ಗುರುತು ಅದು.

ಇದನ್ನು ಸರಿಪಡಿಸುವುದು ಐದು ನಿಮಿಷದ ಕೆಲಸ. ಕಂಟ್ರೋಲ್ ಒತ್ತಿಹಿಡಿದು ಮೊದಲು ಕೆ, ಆಮೇಲೆ ಎಸ್ ಒತ್ತಿದರೆ ಎಲ್ಲ ಶಾರ್ಟ್‌ಕಟ್‌ಗಳ ಪಟ್ಟಿ ಬರುತ್ತದೆ. 'ವಿದೌಟ್ ಡೀಬಗಿಂಗ್' ಎಂದು ಇಂಗ್ಲಿಷಿನಲ್ಲಿ ಹುಡುಕಿ, ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ನಿಮಗೆ ಒಗ್ಗಿದ ಕಂಟ್ರೋಲ್-ಎಫ್9 ಒತ್ತಿ, ಎಂಟರ್ ಕೊಡಿ. ಆ ಕೀಲಿಗೆ ಆಗಲೇ ಬೇರೆ ಕೆಲಸವಿದ್ದರೆ ಯಂತ್ರವೇ ಎಚ್ಚರಿಸುತ್ತದೆ.

ಎಲ್ಲವನ್ನೂ ಬದಲಿಸಲು ಹೊರಡಬೇಡಿ. ಒಂದು ವಾರ ಪಕ್ಕದಲ್ಲಿ ಕಾಗದವಿಟ್ಟುಕೊಂಡು, ಯಾವ ಕೆಲಸಕ್ಕಾಗಿ ಕೈ ಮೌಸ್‌ಗೆ ಹೋಯಿತೆಂದು ಗೀಟು ಹಾಕಿ. ಹೆಚ್ಚು ಗೀಟು ಬಿದ್ದ ಮೂರಕ್ಕೆ ಮಾತ್ರ ಕೀಲಿ ಹುಡುಕಿ. ಎಷ್ಟೋ ವೇಳೆ ಕೀಲಿ ಆಗಲೇ ಇರುತ್ತದೆ, ನಮಗೆ ಗೊತ್ತಿರುವುದಿಲ್ಲ, ಅಷ್ಟೆ. ಸಾಲನ್ನು ಟಿಪ್ಪಣಿಯಾಗಿಸಲು ಕಂಟ್ರೋಲ್ ಜತೆ ಓರೆಗೆರೆ, ಸಾಲನ್ನು ಮೇಲೆ ಕೆಳಗೆ ಸರಿಸಲು ಆಲ್ಟ್ ಜತೆ ಬಾಣದ ಕೀಲಿ.

ಇನ್ನು ಕ್ಯಾಪ್ಸ್ ಲಾಕ್. ಎಡಗೈ ಕಿರುಬೆರಳಿನ ಪಕ್ಕದಲ್ಲೇ ಠಿಕಾಣಿ ಹೂಡಿರುವ ಈ ಕೀಲಿಯನ್ನು ದಿನಕ್ಕೆ ಎಷ್ಟು ಸಲ ಬಳಸುತ್ತೀರಿ? ಅನೇಕ ಪ್ರೋಗ್ರಾಮರ್‌ಗಳು ಅದನ್ನು ಕಂಟ್ರೋಲ್ ಆಗಿ ಬದಲಿಸಿಕೊಳ್ಳುತ್ತಾರೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟಿನದೇ ಉಚಿತ 'ಪವರ್‌ಟಾಯ್ಸ್' ಇದಕ್ಕೆ ಸಾಕು. ಇದು ಹೊಸ ಹುಚ್ಚೇನೂ ಅಲ್ಲ. ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ 'ವಿಐ' ಎಂಬ ಸಂಪಾದಕ ತಂತ್ರಾಂಶ ಬರೆದಾಗ ಬಳಸಿದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಕಂಟ್ರೋಲ್ ಕೀಲಿ ಇದ್ದದ್ದೇ ಅಲ್ಲಿ. ಅದರ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಬಾಣಗಳನ್ನು ಅಚ್ಚು ಹಾಕಿದ್ದರು. 'ವಿಐ' ಬಳಸುವವರು ಇಂದಿಗೂ ಆ ನಾಲ್ಕು ಅಕ್ಷರಗಳಲ್ಲೇ ಪರದೆಯ ಮೇಲೆ ಓಡಾಡುತ್ತಾರೆ. ಟರ್ಮಿನಲ್ ಮರೆಯಾಯಿತು, ಬೆರಳಿನ ಅಭ್ಯಾಸ ಉಳಿಯಿತು!

ಅಭ್ಯಾಸದ ಅಪಾಯವೂ ಇಲ್ಲೇ ಇದೆ. ಕನಕಪುರದ ಹುಡುಗಿಯೊಬ್ಬಳು ಕೆಲಸದ ಪರೀಕ್ಷೆಗೆಂದು ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಾಳೆನ್ನಿ. ಅಲ್ಲಿನ ಯಂತ್ರ ಅವಳದಲ್ಲ. ಮನೆಯಲ್ಲಿ ಕಂಟ್ರೋಲ್ ಆಗಿದ್ದ ಕೀಲಿ ಅಲ್ಲಿ ಕ್ಯಾಪ್ಸ್ ಲಾಕ್. ನಕಲು ಮಾಡಲು ಹೋದರೆ ಆಯ್ದುಕೊಂಡ ಸಾಲುಗಳೇ ಅಳಿಸಿಹೋಗಿ ದೊಡ್ಡ 'ಸಿ' ಒಂದು ಕೂರುತ್ತದೆ. ಗಡಿಯಾರ ಓಡುತ್ತಿರುತ್ತದೆ. ಮನೆಯಲ್ಲಿ ಅಣ್ಣ-ತಂಗಿಗೆ ಒಂದೇ ಲ್ಯಾಪ್‌ಟಾಪ್ ಆದರೂ ಇದೇ ರಗಳೆ. ಒಬ್ಬರ ಅನುಕೂಲ ಇನ್ನೊಬ್ಬರಿಗೆ ತಲೆನೋವು. ಅದಕ್ಕೆ ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಡುವುದು ಲೇಸು.

ಪರೀಕ್ಷೆಗೆ ಎರಡು ವಾರವಿರುವಾಗ ಪವರ್‌ಟಾಯ್ಸ್ ನಿಲ್ಲಿಸಿ. ಕೋಡ್‌ನ ಪಟ್ಟಿಯಲ್ಲಿ ನೀವು ಬದಲಿಸಿದ ಸಾಲಿನ ಮೇಲೆ ಬಲಕ್ಲಿಕ್ ಮಾಡಿದರೆ 'ರಿಸೆಟ್' ಎಂಬ ಆಯ್ಕೆ ಇದೆ. ಮೂಲ ಕೀಲಿಗಳು ಮರಳುತ್ತವೆ. ಬದಲಾವಣೆಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಖಾನೆಯಲ್ಲಿಟ್ಟರೆ, ಪರೀಕ್ಷೆ ಮುಗಿಸಿ ಬಂದ ಸಂಜೆಯೇ ಅವನ್ನು ಮತ್ತೆ ಜೋಡಿಸಿಕೊಳ್ಳಬಹುದು.