ದೀರ್ಘಾವಧಿ ಇನ್ಸುಲಿನ್‌ಗೆ ಯಾವ ಹೊತ್ತು ಸೂಕ್ತ?

ಊಟವಿಲ್ಲದ ಹೊತ್ತಿನಲ್ಲೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುವುದರಿಂದ, ಅದನ್ನು ಹಗಲಿರುಳು ಹತೋಟಿಯಲ್ಲಿಡಲು ನೀಡುವ, ನಿಧಾನವಾಗಿ ರಕ್ತ ಸೇರುವ ಔಷಧಿಯೇ ದೀರ್ಘಾವಧಿ ಇನ್ಸುಲಿನ್. ಈ ಬಗೆಯ ಇನ್ಸುಲಿನ್‌ಗಳಲ್ಲಿ ಒಂದಾದ ಗ್ಲಾರ್ಜಿನ್‌ನ ಪ್ರಭಾವ ಸುಮಾರು 24 ಗಂಟೆ ಇರುವುದರಿಂದ, ಅದನ್ನು ಬೆಳಿಗ್ಗೆ ಪಡೆಯಬೇಕೋ ರಾತ್ರಿ ಪಡೆಯಬೇಕೋ ಎಂಬುದಕ್ಕಿಂತ ಗೊತ್ತುಮಾಡಿದ ಹೊತ್ತನ್ನು ದಿನವೂ ತಪ್ಪದೆ ಪಾಲಿಸುವುದೇ ಮುಖ್ಯ. ಮಧ್ಯಮಾವಧಿಯ ಎನ್‌ಪಿಎಚ್ ಇನ್ಸುಲಿನ್ ಹಾಗಲ್ಲ. ಅದು ಚುಚ್ಚಿಕೊಂಡ 4ರಿಂದ 10 ಗಂಟೆಗಳಲ್ಲಿ ಪ್ರಬಲವಾಗುವುದರಿಂದ, ರಾತ್ರಿ ಪಡೆದವರಲ್ಲಿ ನಡುರಾತ್ರಿ ಸಕ್ಕರೆ ಕುಸಿಯಬಹುದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ತಂಬಾಕು ಸೀಮೆಯಲ್ಲಿ ಈ ವಿವರಕ್ಕೆ ವಿಶೇಷ ಮಹತ್ವವಿದೆ. ಸೊಪ್ಪು ಹದಗೊಳಿಸುವ ದಿನಗಳಲ್ಲಿ ಬ್ಯಾರನ್ನಿನ (ಸೊಪ್ಪು ಒಣಗಿಸುವ ಮನೆಯ) ಶಾಖ ಏರುಪೇರಾಗದಂತೆ ಇರುಳಲ್ಲೂ ಎದ್ದು ಸೌದೆ ಒಡ್ಡುವ ರೈತನಿಗೂ, ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿಗೆ ಇಳಿಯುವ ಹೆಣ್ಣುಮಕ್ಕಳಿಗೂ ಊಟ, ನಿದ್ದೆ, ದುಡಿಮೆಗಳ ಹೊತ್ತು ಬದಲಾಗುತ್ತದೆ. ಮೈಮುರಿಯುವ ದುಡಿಮೆ ಸಕ್ಕರೆಯನ್ನು ಮತ್ತಷ್ಟು ಇಳಿಸುತ್ತದೆ. ಆದ್ದರಿಂದ ಹಂಗಾಮಿಗೆ ಮುನ್ನವೇ ವೈದ್ಯರೊಡನೆ ಮಾತಾಡಿ ಹೊತ್ತನ್ನೂ ಪ್ರಮಾಣವನ್ನೂ ನಿಗದಿಪಡಿಸಿಕೊಳ್ಳಬೇಕು. ಒಂದು ಚುಚ್ಚುಮದ್ದು ತಪ್ಪಿದರೆ ಮುಂದಿನ ಸಲ ಎರಡರಷ್ಟು ಪಡೆಯಬಾರದು.

ಬೆವರು, ನಡುಕ, ಎದೆಬಡಿತ ಕಾಣಿಸಿ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ, ಒಡನೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ರಾತ್ರಿ ದುಡಿಯುವವರ ಬಳಿ ಸಕ್ಕರೆಯೂ, ಈ ಲಕ್ಷಣಗಳನ್ನು ಬಲ್ಲ ಒಬ್ಬ ಜೊತೆಗಾರರೂ ಇರಲೇಬೇಕು.