ಕಮಾನು ಎಳೆದರೆ ಕರಿಯ ಏಕೆ ಊಳಿಡುತ್ತಾನೆ?

ಸಂಜೆ ಆರೂವರೆಗೆ ಮಗಳು ಪಿಟೀಲಿನ ಪೆಟ್ಟಿಗೆ ತೆರೆದಳೆಂದರೆ ಅಂಗಳದಲ್ಲಿ ಮಲಗಿರುವ ನಮ್ಮ ಕರಿಯನ ಕಿವಿ ನೆಟ್ಟಗಾಗುತ್ತದೆ. ಶ್ರುತಿಪೆಟ್ಟಿಗೆಯ ಗುಂಯ್‌ಗುಡುವಿಕೆ ಅವನನ್ನು ಬಾಧಿಸುವುದಿಲ್ಲ. ಸರಳೆ ವರಸೆ ಶುರುವಾದಾಗಲೂ ಒಂದಿಷ್ಟು ಹೊತ್ತು ತಾಳಿಕೊಳ್ಳುತ್ತಾನೆ. ಆದರೆ ಒಂದನೇ ಕಾಲದಲ್ಲಿ ಒಂದೊಂದು ಸ್ವರಕ್ಕೂ ಇಡೀ ಕಮಾನು ಎಳೆಯಬೇಕಲ್ಲ, ಆ ಕಮಾನು ಮೇಲಿನ ಷಡ್ಜದ ಮೇಲೆ ನಿಂತಿತೋ ಇಲ್ಲವೋ, ಕರಿಯ ಮೂತಿಯನ್ನು ಆಕಾಶಕ್ಕೆತ್ತಿ, ಕಣ್ಣು ಅರೆ ಮುಚ್ಚಿ, ಉದ್ದಕ್ಕೆ ಊಳಿಡುತ್ತಾನೆ. ಎರಡನೇ ಕಾಲಕ್ಕೆ ಹೋದರೆ ತಾನಾಗಿಯೇ ನಿಲ್ಲಿಸುತ್ತಾನೆ.

ನಮಗಿದು ತಮಾಷೆಯಾಗಿತ್ತು. ಪಕ್ಕದ ಮನೆಯ ಅಜ್ಜಿಗೆ ಆಗಿರಲಿಲ್ಲ. ಅವರು ಆ ಮಳೆಗಾಲದಲ್ಲಿ ಹಾಸಿಗೆ ಹಿಡಿದಿದ್ದರು. ನಾಯಿ ಊಳಿಟ್ಟರೆ ಅದಕ್ಕೆ ಯಮದೂತರು ಕಂಡಿದ್ದಾರೆ ಎಂದರ್ಥ ಎಂಬುದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೋಡಲು ಹೋದಾಗ ಅಜ್ಜಿ, ‘ಏನಪ್ಪಾ, ನಿಮ್ಮ ನಾಯಿ ದಿನಾ ಸಂಜೆ ನನ್ನ ಹೊರಡಿಸ್ತಾ ಇದೆಯಲ್ಲ’ ಎಂದು ನಗುತ್ತಲೇ ಹೇಳಿದರು. ಅವರ ಮಗ ನಗಲಿಲ್ಲ. ಬಾಗಿಲವರೆಗೆ ಬಂದು, ‘ಒಂದೋ ನಾಯಿ, ಇಲ್ಲಾ ಪಿಟೀಲು, ಎರಡರಲ್ಲಿ ಒಂದನ್ನ ನಿಲ್ಲಿಸಿ ಸಾರ್’ ಎಂದರು. ಕರಿಯ ಊಳಿಡುವುದು ನೋವಿಗೋ, ಭಯಕ್ಕೋ, ಸಂತೋಷಕ್ಕೋ ಎಂದು ನಾನು ಮೊದಲ ಬಾರಿಗೆ ಗಂಭೀರವಾಗಿ ಯೋಚಿಸಿದ್ದು ಆಗಲೇ. ನೋವಿಗಾದರೆ ಮಗಳ ಅಭ್ಯಾಸವೇ ಆ ಮೂಕಪ್ರಾಣಿಗೆ ದಿನನಿತ್ಯದ ಶಿಕ್ಷೆಯಾಗಿತ್ತು.

ಪ್ರಾಣಿಗಳ ಸಂಗೀತಜ್ಞಾನದ ಬಗ್ಗೆ ನಮ್ಮ ಹಿರಿಯರು ಎರಡು ತದ್ವಿರುದ್ಧ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದರು. ಶಿಶುವಿಗೂ ಪಶುವಿಗೂ ಹಾವಿಗೂ ಗಾನರಸ ತಿಳಿಯುತ್ತದೆ ಎನ್ನುವುದು ಸಂಗೀತಗಾರರ ಮಾತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುವುದು ಊರಿನವರ ಮಾತು. ಎರಡರಲ್ಲೂ ಒಂದು ತಪ್ಪಿದೆ ಎಂದು ನನಗನ್ನಿಸುತ್ತದೆ. ಎರಡೂ ಪ್ರಾಣಿಯನ್ನು ಕಛೇರಿಯ ಮುಂದಿನ ಸಾಲಿನಲ್ಲಿ ಕೂರಿಸಿ, ತಲೆದೂಗುತ್ತದೆಯೋ ಇಲ್ಲವೋ ಎಂದು ನೋಡುತ್ತವೆ. ಪ್ರಾಣಿ ಅಲ್ಲಿಗೆ ರಸಿಕನಾಗಿ ಬಂದಿರುವುದೇ ಇಲ್ಲ.

ನಾಯಿಯಿಂದಲೇ ಹೊರಡೋಣ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದಗಳನ್ನು ಗ್ರಹಿಸುತ್ತದೆ. ನಾಯಿಯ ಕಿವಿ ಸುಮಾರು 45,000ದವರೆಗೆ ಹೋಗುತ್ತದೆ, ಬೆಕ್ಕಿನದು 60,000ವನ್ನೂ ದಾಟುತ್ತದೆ. ಅಂದರೆ ನಮ್ಮ ಪಾಲಿಗೆ ಮೌನವಾದ ಎಷ್ಟೋ ಹೊತ್ತು ಅವುಗಳ ಪಾಲಿಗೆ ಮೌನವಲ್ಲ. ಪಿಟೀಲಿನ ತಂತಿಯಿಂದ ನಮಗೆ ಕೇಳುವ ಮುಖ್ಯ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳೂ ಹೊರಡುತ್ತವೆ. ನಮಗೆ ಕೇವಲ ನಾದದ ಮೆರುಗಾಗಿ ಕೇಳುವ ಆ ಮೇಲಿನ ಎಳೆಗಳು ನಾಯಿಗೆ ಇನ್ನಷ್ಟು ಸ್ಫುಟವಾಗಿ ಕೇಳುತ್ತವೆ.

ಹಾಗೆಂದು ನಾಯಿ ಕಿವಿನೋವಿನಿಂದ ಊಳಿಡುತ್ತದೆ ಎಂದು ಹೇಳಿಬಿಡುವುದು ಅವಸರವಾದೀತು. ಕಿವಿ ನೊಂದ ಪ್ರಾಣಿ ಮೊದಲು ಮಾಡುವ ಕೆಲಸ ಜಾಗ ಖಾಲಿ ಮಾಡುವುದು. ದೀಪಾವಳಿಯ ಪಟಾಕಿಗೆ ನಾಯಿಗಳು ಕುಳಿತು ಊಳಿಡುವುದಿಲ್ಲ, ಮಂಚದ ಕೆಳಗೆ ನುಸುಳುತ್ತವೆ. ಊಳಿಗೆ ಬೇರೆಯದೇ ಹುಟ್ಟು ಇದೆ. ನಾಯಿಯ ಪೂರ್ವಜ ತೋಳ. ಚದುರಿದ ಗುಂಪನ್ನು ಒಂದುಗೂಡಿಸಲು, ‘ನಾವಿಲ್ಲಿದ್ದೇವೆ’ ಎಂದು ಪಕ್ಕದ ಗುಂಪಿಗೆ ಸಾರಲು ತೋಳಗಳು ಊಳಿಡುತ್ತವೆ. ಒಂದು ಶುರು ಮಾಡಿದರೆ ಉಳಿದವು ಸೇರಿಕೊಳ್ಳುತ್ತವೆ. ವಿಶೇಷವೆಂದರೆ ಅವು ಒಂದೇ ಸ್ವರದಲ್ಲಿ ನಿಲ್ಲುವುದಿಲ್ಲ. ಎರಡು ದನಿಗಳು ಕೂಡಿಕೊಳ್ಳುವಂತಾದರೆ ಒಂದು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಇದರಿಂದ ನಾಲ್ಕೇ ತೋಳಗಳಿದ್ದರೂ ದೂರದಿಂದ ಕೇಳುವವರಿಗೆ ಹತ್ತಿದ್ದಂತೆ ಭಾಸವಾಗುತ್ತದೆ.

ಈಗ ಮಗಳ ಕಮಾನಿನ ಕಡೆ ನೋಡಿ. ಉದ್ದಕ್ಕೆ ನಿಂತ, ಏರಿಳಿತ ಕಡಿಮೆಯಿರುವ, ಎತ್ತರದ ಒಂದು ಸ್ವರ. ನಾಯಿಯ ಹಳೆಯ ನೆನಪಿಗೆ ಇದು ಊಳಿನ ಆಕಾರದಲ್ಲೇ ಇದೆ. ಶಂಖಕ್ಕೆ, ಕಾರ್ಖಾನೆಯ ಸೈರನ್ನಿಗೆ, ಆಂಬುಲೆನ್ಸಿಗೆ ಬೀದಿನಾಯಿಗಳು ದನಿಗೂಡಿಸುವುದೂ ಇದೇ ಲೆಕ್ಕದಲ್ಲಿ. ದಾಸಯ್ಯ ಬಂದರೆ ಬೀದಿಯ ನಾಯಿಗಳೆಲ್ಲ ಊಳಿಡುತ್ತಿದ್ದುದನ್ನು ಹಳೆಯ ಮೈಸೂರಿನವರು ಮರೆತಿರಲಾರರು. ಅವು ಉತ್ತರ ಕೊಡುತ್ತಿದ್ದುದು ಶಂಖಕ್ಕೆ, ಜಾಗಟೆಗಲ್ಲ. ವೀಣೆಯ ಸ್ವರ ಮೀಟಿದ ಕೂಡಲೇ ಕರಗತೊಡಗುತ್ತದೆ, ಮೃದಂಗದ್ದು ಹುಟ್ಟುತ್ತಲೇ ಸಾಯುತ್ತದೆ. ಅವುಗಳಲ್ಲಿ ಸೇರಿಕೊಳ್ಳಲು ನಾಯಿಗೆ ಜಾಗವಿಲ್ಲ.

ಎಲ್ಲ ನಾಯಿಗಳೂ ಹೀಗೆ ಮಾಡುವುದಿಲ್ಲ ಎಂಬುದೂ ನಿಜ. ಹಂಗೆರಿಯ ಸಂಶೋಧಕರು 68 ಸಾಕುನಾಯಿಗಳಿಗೆ ತೋಳದ ಊಳನ್ನು ಕೇಳಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಂಶಾವಳಿಯಲ್ಲಿ ತೋಳಕ್ಕೆ ಹತ್ತಿರವಿರುವ ಪ್ರಾಚೀನ ತಳಿಗಳು ಊಳಿನಿಂದಲೇ ಉತ್ತರಿಸುವುದು ಹೆಚ್ಚು. ಈಚಿನ ತಳಿಗಳು ಬೊಗಳುವುದೇ ಹೆಚ್ಚು. ಕರಿಯನಿಗೆ ತಳಿ ಎಂಬುದೇನೂ ಇಲ್ಲ. ಅವನು ಬೀದಿಯಿಂದ ಬಂದವನು.

ವಾದ್ಯ ಕೇಳಿದ ನಾಯಿ ಎಂದಾಕ್ಷಣ ಹಳಬರಿಗೆ ನೆನಪಾಗುವುದು ಎಚ್‌ಎಂವಿ ರೆಕಾರ್ಡಿನ ಮೇಲೆ ಕೊಳವೆಗೆ ಮೂತಿಯೊಡ್ಡಿ ಕುಳಿತ ನಾಯಿ. ಅದರ ಹೆಸರು ನಿಪ್ಪರ್, 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ್ದು. ಅದು 1895ರಲ್ಲಿ ಸತ್ತ ಮೇಲೆ ಅದನ್ನು ಸಾಕಿದ್ದ ಕಲಾವಿದ ಫ್ರಾನ್ಸಿಸ್ ಬರಾಡ್ ನೆನಪಿನಿಂದ ಆ ಚಿತ್ರ ಬರೆದ. ಮೊದಲು ಬರೆದಿದ್ದು ಸಿಲಿಂಡರಿನ ಫೋನೋಗ್ರಾಫ್. 1899ರಲ್ಲಿ ಗ್ರಾಮೋಫೋನ್ ಕಂಪನಿ ಚಿತ್ರ ಕೊಳ್ಳುವಾಗ ಅದರ ಮೇಲೆಯೇ ತಟ್ಟೆಯ ಯಂತ್ರವನ್ನು ತಿದ್ದಿ ಬರೆದುಕೊಟ್ಟ. ನಾಯಿ ಕೇಳುತ್ತಿರುವುದು ಸತ್ತ ಒಡೆಯನ ದನಿಯನ್ನು ಎಂಬ ಕಥೆ ನಂತರ ಹುಟ್ಟಿಕೊಂಡಿತು. ಚಿತ್ರ ಬರೆಯುವ ಹೊತ್ತಿಗೆ ನಾಯಿಯೇ ಬದುಕಿರಲಿಲ್ಲ!

ಹಕ್ಕಿಗಳ ವಿಷಯ ಬೇರೆ. ಅವುಗಳಲ್ಲಿ ಕೆಲವಕ್ಕೆ ನಿಜಕ್ಕೂ ಕಲಿಯುವ ಕಿವಿ ಇದೆ. ಮೊಜಾರ್ಟ್ 1784ರ ಮೇ 27ರಂದು ವಿಯೆನ್ನಾದಲ್ಲಿ 34 ಕ್ರಾಯ್ಟ್ಸರ್ ಕೊಟ್ಟು ಒಂದು ಸ್ಟಾರ್ಲಿಂಗ್ ಹಕ್ಕಿ ಕೊಂಡ. ಇದು ನಮ್ಮ ಗೊರವಂಕದ ಹತ್ತಿರದ ಬಂಧು. ಖರ್ಚಿನ ಪುಸ್ತಕದಲ್ಲಿ ಹಣದ ಪಕ್ಕದಲ್ಲೇ ಆ ಹಕ್ಕಿ ಸಿಳ್ಳೆ ಹೊಡೆದ ಸ್ವರಗಳನ್ನು ಬರೆದುಕೊಂಡಿದ್ದಾನೆ. ಅದು ಅವನದೇ ಜಿ ಮೇಜರ್ ಪಿಯಾನೋ ಕಂಚೆರ್ಟೋದ ಕೊನೆಯ ಭಾಗದ ಆರಂಭ, ಒಂದು ಸ್ವರವನ್ನು ಎಳೆದು, ಇನ್ನೊಂದನ್ನು ತುಸು ಏರಿಸಿ ಕೆಡಿಸಿದ್ದು. ಕೆಳಗೆ ಮೊಜಾರ್ಟನ ಷರಾ: ಚೆನ್ನಾಗಿತ್ತು! ಇಲ್ಲೊಂದು ಒಗಟಿದೆ. ಆ ಕೃತಿ ಮುಗಿದದ್ದು ಏಪ್ರಿಲ್ 12ರಂದು, ಅವನ ಶಿಷ್ಯೆ ಅದನ್ನು ನುಡಿಸಿದ್ದು ಜೂನ್ 13ರಂದು. ಹಾಗಿದ್ದರೆ ಅಂಗಡಿಯ ಹಕ್ಕಿಗೆ ಅದು ಗೊತ್ತಾದದ್ದು ಹೇಗೆ?

ಅಮೆರಿಕದ ಮೆರಿಡಿತ್ ವೆಸ್ಟ್ ಮತ್ತು ಆಂಡ್ರ್ಯೂ ಕಿಂಗ್ ಇದಕ್ಕೆ ಉತ್ತರ ಹುಡುಕಲು ಸ್ಟಾರ್ಲಿಂಗ್‌ಗಳನ್ನೇ ಸಾಕಿ ನೋಡಿ, 1990ರಲ್ಲಿ ಒಂದು ಲೇಖನ ಬರೆದರು. ಮೊಜಾರ್ಟ್ ಮೊದಲೇ ಆ ಅಂಗಡಿಗೆ ಹೋಗಿ, ತನ್ನ ಅಭ್ಯಾಸದಂತೆ ಗುನುಗಿಯೋ ಸಿಳ್ಳೆ ಹೊಡೆದೋ ಇದ್ದಿರಬೇಕು ಎಂಬುದು ಅವರ ಊಹೆ. ಊಹೆಗಿಂತ ಮುಖ್ಯವಾದದ್ದು ಅವರು ಕಂಡದ್ದು. ಮನುಷ್ಯರ ಮಾತು ಕಿವಿಗೆ ಬೀಳುವಂತೆ ಪಂಜರದಲ್ಲಿಟ್ಟ ಹಕ್ಕಿಗಳು ಮನುಷ್ಯರನ್ನು ಅನುಕರಿಸಲೇ ಇಲ್ಲ. ಮನೆಯವರ ಹೆಗಲ ಮೇಲೆ ಕುಳಿತು, ತಟ್ಟೆಗೆ ಬಾಯಿ ಹಾಕಿ ಬೆಳೆದವು ಮಾತ್ರ ಅನುಕರಿಸಿದವು. ಇಂಥ ಒಂದು ಹಕ್ಕಿಯ ಕಾಲಿಗೆ ಔಷಧ ಹಾಕಲು ಹಿಡಿದಾಗ ಅದು ಕೊಸರಾಡುತ್ತ ‘ನನ್ನದೊಂದು ಪ್ರಶ್ನೆ!’ ಎಂದು ಕಿರುಚಿತಂತೆ. ಶಬ್ದವೊಂದೇ ಸಾಲದು, ಶಬ್ದ ಮಾಡುವವರ ಜೊತೆ ಒಡನಾಟ ಬೇಕು. ಮೊಜಾರ್ಟನ ಹಕ್ಕಿ ಮೂರು ವರ್ಷ ಅವನ ಜೊತೆಗಿದ್ದು 1787ರ ಜೂನ್ 4ರಂದು ಸತ್ತಿತು. ಅವನು ಮೆರವಣಿಗೆ ಮಾಡಿ ಹೂಳಿ, ಅದರ ಮೇಲೆ ಪದ್ಯವನ್ನೂ ಬರೆದ. (ಓದಿ ಉತ್ಸಾಹಗೊಂಡು ಯಾರೂ ಗೊರವಂಕ ಹಿಡಿಯಲು ಹೊರಡಬಾರದು. ನಮ್ಮ ಕಾಡಿನ ಗಿಳಿ, ಮೈನಾಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.)

ಬೆಕ್ಕು ಇನ್ನೊಂದು ಬಗೆ. ಫ್ರೆಂಚ್ ಕವಿ ಥಿಯೋಫಿಲ್ ಗೋತಿಯೇ ತನ್ನ ಮನೆಯ ಪ್ರಾಣಿಗಳ ಬಗ್ಗೆ 1869ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಬರುವ ಹೆಣ್ಣುಬೆಕ್ಕು ಸಂಗೀತದ ಹಾಳೆಗಳ ಕಟ್ಟಿನ ಮೇಲೆ ಕುಳಿತು ಗಾಯಕಿಯರ ಹಾಡು ಕೇಳುತ್ತಿತ್ತು. ಆದರೆ ಒಂದು ಎತ್ತರದ ಸ್ವರ ಬಂದರೆ ಸಾಕು, ಪಂಜ ಚಾಚಿ ಗಾಯಕಿಯ ಬಾಯಿ ಮುಚ್ಚುತ್ತಿತ್ತು. ಬೆಕ್ಕುಮರಿ ಆಪತ್ತಿನಲ್ಲಿ ಕೂಗುವ ದನಿಗೂ ಅಂಥ ಸ್ವರಕ್ಕೂ ಹೋಲಿಕೆ ಇರಬಹುದೆಂದು ಊಹಿಸುವವರಿದ್ದಾರೆ. ಸಾಮಾನ್ಯವಾಗಿ ನಮ್ಮ ಸಂಗೀತ ಬೆಕ್ಕಿಗೆ ಬೇಕೂ ಅಲ್ಲ, ಬೇಡವೂ ಅಲ್ಲ. ಅಮೆರಿಕದ ಸೆಲ್ಲೋ ವಾದಕ ಡೇವಿಡ್ ಟೀ ಬೆಕ್ಕಿನ ದನಿಯ ಎತ್ತರಕ್ಕೆ, ಅದರ ಗುರುಗುಟ್ಟುವಿಕೆಯ ಮತ್ತು ಮರಿ ಹಾಲು ಕುಡಿಯುವ ಲಯಕ್ಕೆ ಹೊಂದುವ ಸಂಗೀತ ರಚಿಸಿದರು. 47 ಮನೆಬೆಕ್ಕುಗಳಿಗೆ ಅದನ್ನೂ, ಬಾಖ್ ಮತ್ತು ಫೋರೆ ರಚಿಸಿದ ಕೃತಿಗಳನ್ನೂ ಕೇಳಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬೆಕ್ಕುಗಳು ತಮ್ಮ ಸಂಗೀತ ಬರುವ ಸ್ಪೀಕರಿನ ಬಳಿ ಹೋಗಿ ಮೈ ಉಜ್ಜಿದವು. ಬಾಖ್‌ನತ್ತ ಅಷ್ಟು ಗಮನ ಕೊಡಲಿಲ್ಲ.

ಕಿವಿಯೇ ಇಲ್ಲದ ಪ್ರಾಣಿಯ ಮುಂದೆಯೂ ವಾದ್ಯ ನುಡಿಸಿ ನೋಡಿದವನು ಚಾರ್ಲ್ಸ್ ಡಾರ್ವಿನ್. ಎರೆಹುಳುಗಳನ್ನು ಮಣ್ಣಿನ ಕುಂಡಗಳಲ್ಲಿ ಮನೆಯೊಳಗೇ ಸಾಕಿದ್ದ ಆತ ಅವುಗಳ ಮುಂದೆ ಸೀಟಿ ಊದಿಸಿದ, ಬಸೂನ್ ಎಂಬ ಮಂದ್ರಸ್ಥಾಯಿಯ ಊದುವಾದ್ಯ ನುಡಿಸಿದ, ಪಕ್ಕದಲ್ಲೇ ಪಿಯಾನೋ ಬಾರಿಸಿದ. ಹುಳುಗಳು ಅಲುಗಲಿಲ್ಲ. ಕುಂಡಗಳನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಕೆಳಗಿನ ಸ್ವರ ಒತ್ತಿದಾಗ ತಟ್ಟನೆ ಬಿಲ ಸೇರಿದವು. ಗಾಳಿಯಲ್ಲಿ ಬಂದ ನಾದ ಅವಕ್ಕೆ ಇಲ್ಲವೇ ಇಲ್ಲ, ಮಣ್ಣಿನಲ್ಲಿ ಬಂದ ಅದುರುವಿಕೆ ಪ್ರಾಣಭಯ. ಇದೆಲ್ಲ ಅವನ 1881ರ ಎರೆಹುಳುಗಳ ಪುಸ್ತಕದಲ್ಲಿದೆ.

ಇನ್ನು ಗಾದೆಯ ಕೋಣನಿಗೂ ನ್ಯಾಯ ಸಲ್ಲಬೇಕಲ್ಲ. ಕೋಣನ ಮೇಲಿನ ಪ್ರಯೋಗ ನನ್ನ ಕಣ್ಣಿಗೆ ಬಿದ್ದಿಲ್ಲ, ಹಸುವಿನದು ಬಿದ್ದಿದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2001ರಲ್ಲಿ ವರದಿ ಮಾಡಿದಂತೆ, ನಿಧಾನಗತಿಯ ಸಂಗೀತ ಕೇಳಿದ ಹಸುಗಳು ದಿನಕ್ಕೆ ತಲಾ 0.73 ಲೀಟರ್, ಅಂದರೆ ಶೇ 3ರಷ್ಟು, ಹೆಚ್ಚು ಹಾಲು ಕೊಟ್ಟವು. ದ್ರುತಗತಿಗೆ ಈ ಫಲ ಇರಲಿಲ್ಲ. ಸಂಗೀತ ಅವುಗಳ ದಿಗಿಲು ತಗ್ಗಿಸಿರಬೇಕು ಎಂಬುದು ಅವರ ವಿವರಣೆ. ಕೊಳಲಿನ ದನಿಗೆ ಹಸುಗಳು ಓಡಿ ಬರುತ್ತವೆ ಎಂಬ ‘ಗೋವಿನ ಹಾಡಿ’ನ ಗೊಲ್ಲನ ನಂಬಿಕೆಗೂ ಆಧಾರವಿಲ್ಲದಿಲ್ಲ. ದಿನವೂ ಅದೇ ದನಿಯ ನಂತರ ಹುಲ್ಲು, ನೀರು, ಕರುವಿನ ಮುಖ ಸಿಗುತ್ತಿದ್ದರೆ ಯಾವ ಹಸು ಬರುವುದಿಲ್ಲ?

ನಾಯಿಗಳ ಮೇಲೂ ಇಂಥ ಪ್ರಯೋಗ ನಡೆದಿವೆ. ಬೆಲ್‌ಫಾಸ್ಟ್‌ನ ಸಂಶೋಧಕರು 2002ರಲ್ಲಿ ಕಂಡಂತೆ, ಆಶ್ರಯಧಾಮದ ನಾಯಿಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ಹೊತ್ತು ಸುಮ್ಮನೆ ಮಲಗಿದವು, ಹೆವಿ ಮೆಟಲ್‌ಗೆ ಹೆಚ್ಚು ಬೊಗಳಿದವು. ಆದರೆ ಇವೆಲ್ಲ ಸ್ಪೀಕರಿನಿಂದ ಬಂದ ಸಂಗೀತ. ಮನೆಯಲ್ಲಿ ನುಡಿಸುವವರು ನಾವು. ವಾದ್ಯ ಎತ್ತಿಕೊಂಡ ಕ್ಷಣ ನಮ್ಮ ಕೈ, ಕಣ್ಣು, ಗಮನ ಎಲ್ಲವೂ ಆ ಮರದ ವಸ್ತುವಿನ ಕಡೆ ಹೋಗಿಬಿಡುತ್ತದೆ. ಅಭ್ಯಾಸದ ಹೊತ್ತಿಗೇ ಕಾಲಿಗೆ ತೊಡರಿಕೊಳ್ಳುವ ನಾಯಿ, ತೊಡೆ ಏರುವ ಬೆಕ್ಕು ಎಷ್ಟೋ ವೇಳೆ ಆಕ್ಷೇಪಿಸುತ್ತಿರುವುದು ರಾಗವನ್ನಲ್ಲ, ನಮ್ಮ ಗೈರುಹಾಜರಿಯನ್ನು.

ಹಾಗಾದರೆ ಕರಿಯನ ಪಾಡು ತಿಳಿಯುವುದು ಹೇಗೆ? ಪಶುವೈದ್ಯರೊಬ್ಬರು ನನಗೆ ಸರಳ ಉಪಾಯ ಹೇಳಿದರು: ‘ಕಟ್ಟಬೇಡಿ, ಬಾಗಿಲು ಹಾಕಬೇಡಿ, ಅವನು ಎಲ್ಲಿಗೆ ಹೋಗ್ತಾನೆ ನೋಡಿ.’ ಹೆದರಿದ ನಾಯಿ ಕಿವಿಯನ್ನು ತಲೆಗೆ ಒತ್ತಿಕೊಳ್ಳುತ್ತದೆ, ಬಾಲವನ್ನು ಕಾಲ ನಡುವೆ ಸೇರಿಸುತ್ತದೆ, ಕಾರಣವಿಲ್ಲದೆ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಅವಕಾಶ ಸಿಕ್ಕರೆ ದೂರ ಹೋಗುತ್ತದೆ.

ಎರಡು ವಾರ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ತೆರೆದಿಟ್ಟೆವು. ಬಿರಡೆ ತಿರುಗಿಸಿ ಶ್ರುತಿ ಕೂಡಿಸುವಾಗ ಮಾತ್ರ ಕರಿಯ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ, ಆಕಳಿಸುತ್ತ. ವರಸೆ ಶುರುವಾದ ಮೇಲೆ ತಾನಾಗಿ ಮರಳಿ ಬಂದು, ಹೊಸ್ತಿಲಿಗೆ ಅಡ್ಡಲಾಗಿ ಕುಳಿತು, ಮೇಲಿನ ಷಡ್ಜಕ್ಕೆ ಕಾಯುತ್ತಿದ್ದ. ಊಳಿಟ್ಟು ಮುಗಿಸಿ ಬಾಲ ಆಡಿಸುತ್ತಿದ್ದ. ಈಗ ಮಗಳು ಅವನು ಹಿತ್ತಿಲಿಗೆ ಹೋದ ಮೇಲೆಯೇ ಶ್ರುತಿ ಮಾಡುತ್ತಾಳೆ.

ಈ ವಿವರವನ್ನೆಲ್ಲ ಅಜ್ಜಿಗೆ ಹೇಳಿದೆ. ತೋಳದ ಭಾಗವನ್ನು ಎರಡು ಸಲ ಕೇಳಿಸಿಕೊಂಡರು. ‘ಅಂದ್ರೆ ಅವನು ನಿಮ್ಮ ಹುಡುಗೀನ ತೋಳ ಅಂದ್ಕೊಂಡಿದಾನಾ?’ ಎಂದರು. ಹೆಚ್ಚುಕಡಿಮೆ ಹಾಗೇ ಎಂದೆ. ಮಗ ಒಪ್ಪಿದ್ದು ಅಭ್ಯಾಸವನ್ನು ಹಿಂದಿನ ಕೋಣೆಗೆ ಸಾಗಿಸಿದ ಮೇಲೆ. ಅಜ್ಜಿ ಆ ಮಳೆಗಾಲ ದಾಟಿದರು, ಈಗ ಜಗುಲಿಗೆ ಬಂದು ಕೂರುತ್ತಾರೆ. ಪಿಟೀಲಿನ ಜೊತೆಗೆ ಕರಿಯ ಊಳಿಟ್ಟರೆ ಅವರ ಹೂ ಕಟ್ಟುವ ಕೈ ನಿಲ್ಲುವುದಿಲ್ಲ. ಪಿಟೀಲಿಲ್ಲದ ಹೊತ್ತಿನಲ್ಲಿ ಊಳಿಟ್ಟರೆ ಮಾತ್ರ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬರುತ್ತಾರೆ.