ಮೊದಲು ಬೇರು, ಚಳಿ ಕಳೆದ ಮೇಲೆ ಎಲೆ

ಕಾಡು ಪಿಯೋನಿಯ ಹೂವಿಗೆ ಮರುಳಾಗುವವರು ಬಹಳ ಜನ. ಅದರ ಕಾಯಿ ಒಡೆದದ್ದನ್ನು ಬಗ್ಗಿ ನೋಡಿದವರು ಕಡಿಮೆ. ಬೇಸಿಗೆ ಮುಗಿಯುತ್ತ ಬಂದಾಗ ದಪ್ಪ ಸಿಪ್ಪೆಯ ಕಾಯಿ ಉದ್ದಕ್ಕೆ ಬಿರಿದು ಬಾಯಿ ತೆರೆಯುತ್ತದೆ. ಒಳಗೆ ಕುಂಕುಮದಂತೆ ಕೆಂಪಾದ ಕಾಳುಗಳು. ಅವುಗಳ ನಡುವೆ ಅಲ್ಲಲ್ಲಿ ನೀಲಿ ಬೆರೆತ ಕಪ್ಪು ಬಣ್ಣದ, ಮಿರಮಿರ ಹೊಳೆಯುವ ಗುಂಡು ಬೀಜಗಳು. ಕೈ ಮೊದಲು ಹೋಗುವುದು ಕೆಂಪಿನ ಕಡೆಗೇ. ಆದರೆ ಅವು ಬರೀ ಜೊಳ್ಳು, ಪರಾಗ ಸಿಗದೆ ಉಳಿದುಹೋದವು. ಮೊಳೆಯುವುದು ಕಪ್ಪು ಬೀಜ ಮಾತ್ರ. ಹಾಗೆಂದು ಜೊಳ್ಳು ದಂಡವಲ್ಲ: ಕೆಂಪಿನ ಎದುರು ಕಪ್ಪು ಎದ್ದು ಕಂಡು ಹಕ್ಕಿಗಳನ್ನು ಕರೆಯುತ್ತದೆ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು.

ಆ ಕಪ್ಪು ಬೀಜವನ್ನು ಮಣ್ಣಿಗೆ ಹಾಕಿದವರ ಪರೀಕ್ಷೆ ಅಲ್ಲಿಂದ ಶುರು. ರಾಗಿ ಬಿತ್ತಿದರೆ ವಾರದೊಳಗೆ ಹೊಲ ಹಸಿರಾಗುವುದನ್ನು ಕಂಡವರು ನಾವು. ನೆನೆಸಿದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನವೇ ಮೊಳಕೆ. ಪಿಯೋನಿಯ ಕುಂಡ ಮಾತ್ರ ತಿಂಗಳುಗಟ್ಟಲೆ ಬೋಳಾಗಿಯೇ ಇರುತ್ತದೆ. ಬಿತ್ತಿದ ಮೊದಲ ವಸಂತದಲ್ಲಿ ಏನೂ ಕಾಣದೆ, ಎರಡನೆಯ ವಸಂತಕ್ಕೆ ಎಲೆ ಬರುವುದು ಸಾಮಾನ್ಯ. ಬೀಜ ಸತ್ತಿತೆಂದು ಮಣ್ಣು ಚೆಲ್ಲಿದವರು ಎಷ್ಟೋ ಸಲ ಬದುಕಿದ್ದ ಸಸಿಯನ್ನೇ ಚೆಲ್ಲಿರುತ್ತಾರೆ.

ಆ ಮಣ್ಣಿನೊಳಗೆ ನಡೆಯುವ ಕೆಲಸ ನನಗೆ ಹೂವಿಗಿಂತ ಸೊಗಸು. ಕಾಯಿಯಿಂದ ಉದುರುವಾಗ ಬೀಜದೊಳಗಿನ ಭ್ರೂಣ ತೀರ ಚಿಕ್ಕದು, ಉಳಿದದ್ದೆಲ್ಲ ಬುತ್ತಿ. ಮಣ್ಣಿನಲ್ಲಿ ತೇವವಿದ್ದು, 15ರಿಂದ 20 ಡಿಗ್ರಿಯಷ್ಟು ಬೆಚ್ಚಗೆ ಕೆಲವು ವಾರ ಸಿಕ್ಕರೆ ಭ್ರೂಣ ಬೆಳೆದು ಬೇರನ್ನು ಹೊರಗಿಡುತ್ತದೆ. ಬೇರು ಮಾತ್ರ. ಎಲೆಯ ಕುಡಿ ಬೀಜದೊಳಗೇ ಮುದುರಿ ಕೂತಿರುತ್ತದೆ, ಎಷ್ಟೇ ಬಿಸಿಲು ಬಿದ್ದರೂ ಏಳುವುದಿಲ್ಲ. ಅದನ್ನು ಎಬ್ಬಿಸುವುದು ಚಳಿ. 5 ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ತಿಂಗಳು ಕಳೆದ ಮೇಲೆಯೇ ಕುಡಿ ಮೇಲಕ್ಕೆ ಚಾಚುತ್ತದೆ.

ಯಾಕೆ ಹೀಗೆ? ಬೀಜ ಉದುರುವುದು ಹಿಮದ ಕಾಲ ಹತ್ತಿರವಿರುವಾಗ. ಆಗಲೇ ಎಲೆ ಹೊರಬಂದರೆ ಮೊದಲ ಹಿಮಕ್ಕೇ ಕಮರುತ್ತದೆ. ಬೇರಿಗೆ ಆ ಭಯವಿಲ್ಲ, ಮಣ್ಣು ಅದನ್ನು ಕಾಯುತ್ತದೆ. ಒಣಗಿದ ಬೀಜವನ್ನೋ ತಡವಾಗಿಯೋ ಬಿತ್ತಿದರೆ ಬೇರು ಬರುವ ಮೊದಲೇ ಚಳಿ ಬಂದುಬಿಡುತ್ತದೆ. ಆ ಚಳಿ ಲೆಕ್ಕಕ್ಕಿಲ್ಲ. ಬೇರಿಗೆ ಮುಂದಿನ ಬೇಸಿಗೆ, ಎಲೆಗೆ ಅದರಾಚೆಯ ಚಳಿಗಾಲ: ವರ್ಷ ಕಳೆದುಹೋಗುವುದು ಹೀಗೆ.

ಅದಕ್ಕೇ ಅನುಭವಿಗಳು ಕಾಯಿ ಒಡೆದ ಕೂಡಲೇ ಬೀಜ ಬಿಡಿಸಿ, ಒಣಗಲು ಬಿಡದೆ, ಹಸಿ ಮರಳಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯೊಳಗೆ ಇಡುತ್ತಾರೆ. ಬಿಳಿ ಬೇರು ಬೆರಳಿನ ಒಂದು ಗೆಣ್ಣಿನಷ್ಟು ಬಂದ ಮೇಲೆ ಚೀಲ ಫ್ರಿಜ್ಜಿಗೆ. ತಂಗಳು ಪೆಟ್ಟಿಗೆಯೇ ಅದರ ಚಳಿಗಾಲ. ಕುಡಿ ಕದಲಿದಾಗ ಹೊರತೆಗೆದು, ಬೇರು ಮುರಿಯದಂತೆ ಆಳದ ಕುಂಡಕ್ಕೆ ಇಳಿಸುತ್ತಾರೆ. ಮೊದಲ ವರ್ಷ ಸಿಗುವುದು ಒಂದೋ ಎರಡೋ ಎಲೆ, ಅಷ್ಟೇ. ಹೂವಿಗೆ ನಾಲ್ಕೈದು ವರ್ಷ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು.

ಜಗತ್ತಿನಲ್ಲಿ 30ಕ್ಕೂ ಹೆಚ್ಚು ಬಗೆಯ ಕಾಡು ಪಿಯೋನಿಗಳಿವೆ. ಅಮೆರಿಕದ ಪಶ್ಚಿಮದಲ್ಲಿ ಎರಡು, ಮಿಕ್ಕವೆಲ್ಲ ಯೂರೋಪು, ಏಷ್ಯಾ ಮತ್ತು ಉತ್ತರ ಆಫ್ರಿಕದವು. ತೋಟದ ಪ್ರಿಯರು ತುಂಬ ಬಯಸುವುದು ಕಾಕಸಸ್ ಬೆಟ್ಟಗಳ ನಿಂಬೆಹಳದಿ ಹೂವಿನ ಜಾತಿಯನ್ನು. ಅದು ಹೊತ್ತಿರುವುದು ಲುದ್ವಿಕ್ ಮ್ಲೊಕೊಸೇವಿಚ್ ಎಂಬ ಪೋಲಿಷ್ ಮೂಲದ ಸೇನಾಧಿಕಾರಿಯ ಹೆಸರನ್ನು. ಜಾರ್ಜಿಯಾದ ಲಾಗೊದೇಖಿಯಲ್ಲಿ ನೆಲೆಸಿ, ಅಲ್ಲಿನ ಕಾಡನ್ನು ಕಾಪಾಡಬೇಕೆಂದು ದುಡಿದವನು. ಅವನು ತೀರಿಕೊಂಡದ್ದು 1909ರಲ್ಲಿ, ಲಾಗೊದೇಖಿ ರಕ್ಷಿತಾರಣ್ಯವಾದದ್ದು 1912ರಲ್ಲಿ.

ನಮ್ಮ ದೇಶದ್ದೂ ಒಂದಿದೆ, ಪಿಯೋನಿಯಾ ಎಮೋಡಿ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಕಾಡಂಚಿನಲ್ಲಿ, ಅರೆನೆರಳಿನಲ್ಲಿ ಬೆಳೆಯುತ್ತದೆ. ಬಹಳ ಪಿಯೋನಿಗಳಲ್ಲಿ ಕಾಂಡಕ್ಕೆ ಒಂದೇ ಹೂವಾದರೆ ಇದರಲ್ಲಿ ಹಲವು. ಅಚ್ಚ ಬಿಳಿ ಎಸಳು, ನಡುವೆ ಹೊಂಬಣ್ಣದ ಕೇಸರಗಳ ಗೊಂಚಲು. ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಜಾನ್ ಫೋರ್ಬ್ಸ್ ರಾಯ್ಲ್ ಇದನ್ನು ಗ್ರಂಥಕ್ಕೇರಿಸಿದವನು. ಎಮೋಡಿ ಎಂದರೆ ಗ್ರೀಕರು ಹಿಮಾಲಯವನ್ನು ಕರೆಯುತ್ತಿದ್ದ ಹೆಸರು. ಅದರ ಮೂಲ ನಮ್ಮ ‘ಹೈಮವತ’ ಎನ್ನುತ್ತಾರೆ. ಯುನಾನಿ ವೈದ್ಯರು ಇದರ ಬೇರನ್ನು ಊದ್ ಸಲೀಬ್ ಎಂದು ಕರೆದು ಮೂರ್ಛೆರೋಗಕ್ಕೆ ಬಳಸುತ್ತ ಬಂದಿದ್ದಾರೆ. ಬೇರು ಅಗೆದರೆ ಗಿಡ ಹೋಯಿತು. ಅಷ್ಟು ವರ್ಷ ಕಾದು ಹೂ ಬಿಡುವ ಗಿಡವನ್ನು ಕಾಡಿನಿಂದ ಕೀಳುವುದು ನನಗೆ ಸಹಿಸಲಾಗದ ಸಂಗತಿ. ಬೇಕಾದವರು ತೋಟದ ಬೀಜದಿಂದಲೇ ಬೆಳೆಸಬೇಕು. ಅದರಲ್ಲೂ ಒಂದು ಎಚ್ಚರ: ಎರಡು ಜಾತಿ ಅಕ್ಕಪಕ್ಕ ಇದ್ದರೆ ದುಂಬಿಗಳು ಪರಾಗ ಬೆರೆಸಿಬಿಡುತ್ತವೆ, ಹುಟ್ಟುವ ಸಸಿ ಬೆರಕೆಯಾಗುತ್ತದೆ.

ನೆಡುವ ಕಾಲ ಚಳಿಗಾಲಕ್ಕೆ ಮುಂಚೆ. ನೀರು ನಿಲ್ಲದ ಜಾಗ ಬೇಕು. ಗಡ್ಡೆಬೇರಿನ ತಲೆಯಲ್ಲಿರುವ ಕೆಂಪು ಮೊಗ್ಗು ಮೂರರಿಂದ ಐದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಆಳವಾದರೆ ಎಲೆ ಮಾತ್ರ ಹುಲುಸಾಗಿ ಬಂದು, ಹೂ ಬಿಡದೆ ವರ್ಷಗಳು ಉರುಳುತ್ತವೆ. ನೆಟ್ಟ ಮೇಲೆ ಪದೇಪದೇ ಕೀಳಬಾರದು. ಒಂದೇ ಜಾಗದಲ್ಲಿ 50 ವರ್ಷ ಬಾಳುವ ಗಿಡ ಅದು.

ಬೆಂಗಳೂರಿನಲ್ಲಿ ಆಗುತ್ತದೆಯೇ? ಫ್ರಿಜ್ಜಿನಲ್ಲಿಟ್ಟು ಬೀಜದಿಂದ ಎಲೆ ಹೊರಡಿಸಬಹುದು. ಆದರೆ ಮುಂದಿನ ವರ್ಷದ ಮೊಗ್ಗು ಏಳಲು ಗಿಡಕ್ಕೆ ಮತ್ತೆ ಅಷ್ಟೇ ಚಳಿ ಬೇಕು, ಅದರ ಮರುವರ್ಷವೂ ಬೇಕು. ನಮ್ಮ ಮಾಗಿಯ ಚಳಿ ಅದಕ್ಕೆ ಸಾಲದು. ವಸಂತದಲ್ಲಿ ಹಿಮಾಲಯಕ್ಕೆ ಚಾರಣ ಹೋಗುವವರು ಕಾಡಂಚಿನಲ್ಲಿ ಬಿಳಿ ಹೂ ಕಂಡರೆ ನಿಂತು, ಮಂಡಿಯೂರಿ, ಒಳಗಿನ ಕೇಸರಗಳನ್ನು ನೋಡಿ ಬನ್ನಿ.